ಅಕ್ಕನ ಒಂಬತ್ತು ಅಕ್ಷರ

ನನ್ನ ಅಕ್ಕ ಇರುವುದು ಹನುಮಂತನಗರದಲ್ಲಿ, ನಾನು ಜೆ.ಪಿ. ನಗರದಲ್ಲಿ. ಇಬ್ಬರ ಮನೆಗೂ ಬರುವುದು ಒಂದೇ ಇಂಗ್ಲಿಷ್ ಪೇಪರು. ಸುದ್ದಿಗೆ ಅಂತ ತರಿಸುವುದಲ್ಲ. ಸುದ್ದಿಯನ್ನೆಲ್ಲ ಟೀವಿಯವರು ಹಿಂದಿನ ದಿನವೇ ಕೂಗಾಡಿ ಮುಗಿಸಿರುತ್ತಾರೆ. ನಮಗೆ ಬೇಕಾದದ್ದು ಒಳಪುಟದ ಮೂಲೆಯಲ್ಲಿ ಬರುವ ಒಂಬತ್ತು ಚೌಕದ ಪದದಾಟ. ಒಂಬತ್ತು ಇಂಗ್ಲಿಷ್ ಅಕ್ಷರ ಕೊಟ್ಟಿರುತ್ತಾರೆ. ಅವುಗಳಿಂದ ಎಷ್ಟು ಪದ ಆಗುತ್ತದೋ ಅಷ್ಟನ್ನೂ ಹುಡುಕಬೇಕು. ಒಂಬತ್ತನ್ನೂ ಬಳಸಿ ಆಗುವ ದೊಡ್ಡ ಪದ ಒಂದು ಇದ್ದೇ ಇರುತ್ತದೆ. ಅದು ಮೊದಲು ಸಿಕ್ಕವರು ಇನ್ನೊಬ್ಬರಿಗೆ ಫೋನ್ ಮಾಡಿ ಹೊಟ್ಟೆ ಉರಿಸುವುದು ನಮ್ಮ ಪದ್ಧತಿ.

ಹೆಚ್ಚು ಸಲ ಉರಿಯುವುದು ನನ್ನ ಹೊಟ್ಟೆಯೇ. ಅದೇ ನನಗೆ ಸಹಿಸಲಾಗದ ವಿಷಯ. ನಾನು ಕಾನ್ವೆಂಟಿನಲ್ಲಿ ಓದಿದವಳು, ಅಕ್ಕ ಹೈಸ್ಕೂಲು ಮುಗಿಯುವ ತನಕ ಕನ್ನಡ ಮೀಡಿಯಂ. ನಾನು ಬಾಲದಿಂದ ಶುರು ಮಾಡುತ್ತೇನೆ: ಕೊನೆಗೆ ಹಚ್ಚಲು ‘ಇ ಆರ್’ ಇದೆಯಾ, ‘ಐ ಎನ್ ಜಿ’ ಇದೆಯಾ ಅಂತ. ಅಕ್ಕನದು ಕಾಗುಣಿತ. ‘ಬ, ಬಾ, ಬಿ, ಬೀ, ಬೆ, ಬೇ’ ಅಂತ ಒಂದೊಂದು ವ್ಯಂಜನಕ್ಕೂ ಸಿಕ್ಕ ಸ್ವರವನ್ನೆಲ್ಲ ಹಚ್ಚುತ್ತಾ ಹೋಗುತ್ತಾಳೆ. ಬೇಕರ್, ಬ್ರೇಕ್, ಬಾಸ್ಕೆಟ್ ಅಂತ ಪದಗಳು ಉದುರುತ್ತವೆ. ಪೆನ್ನು ಬೇಡ, ಕಾಗದ ಬೇಡ, ಸೊಪ್ಪು ಬಿಡಿಸುತ್ತಲೇ ಆಟ ಮುಗಿಸುತ್ತಾಳೆ. ಇಂಗ್ಲಿಷಿಗೆ ಕಾಗುಣಿತ ಹಾಕುವುದು ತಪ್ಪು ಅಂತ ನಾನು ಎಷ್ಟೋ ಸಲ ವಾದಿಸಿದ್ದೇನೆ. “ಪದ ಸಿಕ್ತೋ ಇಲ್ವೋ? ಸುಮ್ನಿರು,” ಅನ್ನುತ್ತಾಳೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳ ಫೋನ್ ಬಂತು.

“ಪೇಪರಿನವನು ಊರಿಗೆ ಹೋಗಿದ್ದಾನೆ ಕಣೆ. ಇವತ್ತಿನ ಅಕ್ಷರ ಹೇಳು.”

ಹೇಳಿದೆ. ಮಾರನೆಯ ದಿನವೂ ಹೇಳಿದೆ. ಆಮೇಲೆ ಪೇಪರು ಮಳೆಗೆ ನೆನೆಯಿತು, ಇನ್ನೊಂದು ದಿನ ಭಾವ ಅದರಲ್ಲಿ ಹೂವಿನ ಕಸ ಸುತ್ತಿ ಎಸೆದರು, ಹೀಗೇ ಏನಾದರೊಂದು. ನಾನು ಕೇಳಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು. ಮೊದಲೆಲ್ಲ ‘ಸಿಕ್ತು’ ಅಂತ ಒಂದು ಮಾತು ಹೇಳಿ ಫೋನ್ ಇಡುತ್ತಿದ್ದವಳು ಈಗ ನನ್ನ ಜೊತೆಯಲ್ಲೇ ಆಡುತ್ತಿದ್ದಳು. ಆಟ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ನನ್ನ ಕಾಫಿ ಆರಿ ತಣ್ಣಗಾಗುತ್ತಿತ್ತು, ಮತ್ತೆ ಬಿಸಿ ಮಾಡಿಕೊಂಡು ಕುಡಿಯುತ್ತಿದ್ದೆ.

ಸಂಕ್ರಾಂತಿಗೆ ಎಳ್ಳು ಕೊಡಲು ಅವಳ ಮನೆಗೆ ಹೋದೆ. ಬಾಗಿಲಲ್ಲಿ ರಂಗೋಲಿ ನೋಡಿ ನಿಂತುಬಿಟ್ಟೆ. ಆ ಬೀದಿಯಲ್ಲಿ ಅಕ್ಕನ ರಂಗೋಲಿ ಅಂದರೆ ಹೆಂಗಸರು ನಿಂತು ನೋಡುತ್ತಿದ್ದರು. ಅವತ್ತು ಚುಕ್ಕಿಗಳು ಒಂದು ಕಡೆ, ಗೆರೆಗಳು ಒಂದು ಕಡೆ. ಒಳಗೆ ಹೋದರೆ ಟೀಪಾಯಿ ಕೆಳಗೆ ಇಂಗ್ಲಿಷ್ ಪೇಪರುಗಳ ರಾಶಿ. ಒಂದರ ಮಡಿಕೆಯನ್ನೂ ಬಿಚ್ಚಿರಲಿಲ್ಲ. ಭಾವ ಓದುವುದು ಕನ್ನಡ ಪೇಪರು. ಪಕ್ಕದಲ್ಲಿ ಕೂತು ಓದುತ್ತಿದ್ದರೂ ಅವರ ಕಣ್ಣಿಗೆ ಇದ್ಯಾವುದೂ ಬಿದ್ದಿರಲಿಲ್ಲ.

ಒಂದು ಪೇಪರು ಬಿಚ್ಚಿ ಅಕ್ಕನ ಕೈಗೆ ಕೊಟ್ಟೆ. “ಓದು ನೋಡೋಣ.”

ಕಿಟಕಿಯ ಕಡೆ ತಿರುಗಿಸಿದಳು. ಮೂಗಿನ ಹತ್ತಿರ ತಂದಳು. ಕೊನೆಗೆ ಮಡಿಲಲ್ಲಿ ಇಟ್ಟುಕೊಂಡಳು. “ಎಲ್ಲಾ ಮಂಜು ಮಂಜು ಕಣೆ,” ಅಂದಳು.

ಎರಡೂ ಕಣ್ಣಿಗೆ ಪೊರೆ. ಬೇಗ ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದ್ದನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಳು. ನಾವು ಚಿಕ್ಕವರಿದ್ದಾಗ ನಮ್ಮ ಸೋದರತ್ತೆಗೆ ಇದೇ ಆಪರೇಷನ್ ಆಗಿ ಒಂದು ಕಣ್ಣು ಹೋಗಿತ್ತು. ಅದು ಆ ಕಾಲದ ಮಾತು ಅಂತ ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. “ಕಾಣೋವಷ್ಟು ದಿನ ಕಾಣ್ಲಿ ಬಿಡು. ಅಕ್ಷರ ಹೇಳಕ್ಕೆ ನೀನಿದ್ದೀಯಲ್ಲ,” ಅಂದಳು. ಆ ಮಾತು ಕೇಳಿ ನನಗೆ ಭಯವಾಯಿತು. ಅವಳು ಕುರುಡಿಯಾಗಲು ನಾನೇ ದಿನಾ ಅನುಕೂಲ ಮಾಡಿಕೊಡುತ್ತಿದ್ದೆ. ಭಯವಾದರೆ ನನಗೆ ಸಿಟ್ಟು ಬರುತ್ತದೆ, ನನ್ನ ಜಾಯಮಾನವೇ ಅದು.

“ಆಪರೇಷನ್ನಿಗೆ ಒಪ್ಕೊಳ್ಳೋವರೆಗೂ ಒಂದಕ್ಷರ ಹೇಳಲ್ಲ,” ಅಂತ ಭಾವನ ಎದುರೇ ಕೂಗಿ ಮನೆಗೆ ಬಂದೆ.

ಮಾರನೆಯ ದಿನ ಫೋನ್ ಬಂತು. “ಅಕ್ಷರ ಹೇಳೆ.” ಇಟ್ಟುಬಿಟ್ಟೆ. ಅದರ ಮಾರನೆಯ ದಿನವೂ ಇಟ್ಟುಬಿಟ್ಟೆ. ಆಮೇಲೆ ಫೋನೂ ನಿಂತಿತು. ಒಂದು ವಾರ ನಾನೂ ಪೇಪರಿನ ಆ ಪುಟ ತೆಗೆಯಲಿಲ್ಲ. ಒಬ್ಬಳೇ ಆಡಲು ಮನಸ್ಸು ಬರಲಿಲ್ಲ. ಕೊನೆಗೆ ಸೋತವಳು ಅವಳೇ.

“ಆಯ್ತು ಮಾರಾಯ್ತಿ, ಡೇಟ್ ತಗೋ. ಈಗ ಇವತ್ತಿಂದು ಹೇಳು.”

ಆಪರೇಷನ್ ದಿನ ಜಯನಗರದ ಆಸ್ಪತ್ರೆಯಲ್ಲಿ ಒಳಗೆ ಕರೆದಾಗ ಅಕ್ಕ ನನ್ನ ಸೆರಗು ಹಿಡಿದು ಎಳೆದಳು. “ಏನಾದ್ರೂ ಕೊಡೆ,” ಅಂದಳು. ನಾನು ಪೇಪರು ನೋಡಿ ಹೇಳಿದೆ: ಎಲ್, ಇ, ವಿ, ಟಿ, ಎ, ಇ, ಜಿ, ಬಿ, ಇ. ಕಣ್ಣನ್ನು ಮಾತ್ರ ಮರಗಟ್ಟಿಸಿದ್ದರು, ಎಚ್ಚರವಾಗಿಯೇ ಇದ್ದಳು. ಆಮೇಲೆ ಡಾಕ್ಟರು ಹೊರಗೆ ಬಂದು ನಗುತ್ತಾ ಕೇಳಿದರು: “ನಿಮ್ಮಕ್ಕ ಅದ್ಯಾವ ಸ್ತೋತ್ರ ಹೇಳ್ತಾರೆ ಮೇಡಂ? ‘ಲ, ಲಾ, ಲೆ, ಲೇ’ ಅಂತ ಒಂದೇ ಸಮ.” ಹಿಂದೆಯೇ ಕಣ್ಣಿಗೆ ಪಟ್ಟಿ ಹಾಕಿಕೊಂಡು ಅಕ್ಕ ಬಂದಳು. “ವೆಜಿಟಬಲ್ ಕಣೆ,” ಅಂದಳು. ಅಲ್ಲೇ ಬೆಂಚಿನ ಮೇಲೆ ಕೂತು ನಾನು ಅತ್ತುಬಿಟ್ಟೆ.

ಪಟ್ಟಿ ಬಿಚ್ಚಿದಾಗ ಅವಳು ನನ್ನನ್ನು ನೋಡಿ ಆಡಿದ ಮೊದಲ ಮಾತು, “ಎಷ್ಟು ಮುದುಕಿ ಆಗಿಬಿಟ್ಟಿದ್ದೀಯೆ!” ಇನ್ನೊಂದು ಕಣ್ಣಿಗೂ ಆಯಿತು. ರಂಗೋಲಿಯ ಗೆರೆಗಳು ಮತ್ತೆ ಚುಕ್ಕಿಗಳನ್ನು ಸುತ್ತತೊಡಗಿದವು. ಪೇಪರನ್ನೂ ತಾನೇ ಓದತೊಡಗಿದಳು.

ಫೋನ್ ಮತ್ತೆ ಹಿಂದಿನಂತಾಯಿತು. ದೊಡ್ಡ ಪದ ಸಿಕ್ಕರೆ “ಸಿಕ್ತು, ಇಡ್ತೀನಿ,” ಅಷ್ಟೇ. ಅಕ್ಕನಿಗೆ ಕಣ್ಣು ಬಂತಲ್ಲ ಅಂತ ಸಂತೋಷಪಡುವುದು ಬಿಟ್ಟು ಫೋನಿಗಾಗಿ ಮುಖ ಊದಿಸಿಕೊಳ್ಳುವವರು ಯಾರಾದರೂ ಇರುತ್ತಾರಾ? ನಾನಿದ್ದೆ. ಬಿಸಿ ಕಾಫಿಯನ್ನು ಬಿಸಿಯಾಗಿಯೇ ಕುಡಿದು ಮುಗಿಸಿ, ಲೋಟ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದೆ. ಹೀಗೇ ಕೆಲವು ವಾರ ಕಳೆದವು. ಮೊನ್ನೆ ತಡೆಯಲಾಗದೆ ನಾನೇ ಫೋನ್ ಮಾಡಿದೆ.

“ಅಕ್ಕ, ನಮ್ಮನೆಗೆ ಇವತ್ತು ಪೇಪರ್ ಬಂದಿಲ್ಲ. ಅಕ್ಷರ ಹೇಳ್ತೀಯಾ?”

ಆ ಕಡೆ ಪೇಪರಿನ ಪುಟ ಮಗುಚಿದ ಸದ್ದಾಯಿತು.

“ನಿಮ್ಮ ಪೇಪರಿನವನೂ ಊರಿಗೆ ಹೋದ್ನಾ?”

“ಹೂಂ.”

“ತಾಳು, ಕನ್ನಡಕ ಹಾಕ್ಕೋತೀನಿ. ನಿಧಾನಕ್ಕೆ ಹೇಳ್ತೀನಿ, ಬರ್ಕೋ.”

ಪೇಪರು ನನ್ನ ತೊಡೆಯ ಮೇಲೆಯೇ ಬಿಚ್ಚಿಕೊಂಡಿತ್ತು. ಅಕ್ಕ ಹೇಳಿದ ಒಂದೊಂದು ಅಕ್ಷರವನ್ನೂ ಅದರ ಅಂಚಿನಲ್ಲಿ ಮತ್ತೆ ಬರೆದುಕೊಂಡೆ.