ಆಟದ ಕಳ್ಳನಿಗೆ ಬಂದ ಬೆಳ್ಳಿಕಾಲು

ಉಪ್ಪಾರಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಡೆಯುವ ಆಟಕ್ಕೆ ಸಂಬಂಧಿಸಿದಂತೆ, ಮೊದಲ ಬಾರಿಗೆ ಬರೆಯುತ್ತಿರುವ ನಾನು ತಿಳಿಯಪಡಿಸುವುದೇನೆಂದರೆ, ಸದರಿ ಆಟದ ಗಾಯದ ನಿಯಮವನ್ನು ರೂಪಿಸಿದವನು ನಾನೇ ಆಗಿರುತ್ತೇನೆ.

ಆಟವೆಂದರೆ ದಾಳ ಉರುಳಿಸಿ ಕಥೆ ಕಟ್ಟುವ ರೋಲ್‌ಪ್ಲೇ. ರಾಕ್ಷಸರು, ಕೋಟೆಗಳು, ಮಾಟಗಾರರಿರುವ ಲೋಕದ ಕಥೆಯನ್ನು ನಾನು ನಡೆಸುತ್ತೇನೆ; ಉಳಿದವರು ತಲಾ ಒಂದು ಪಾತ್ರವಾಗುತ್ತಾರೆ. ಗುಬ್ಬಿಯಿಂದ ಬರುವ ಗೆಳೆಯನದು ಮಾಳಿಗೆಯಿಂದ ಮಾಳಿಗೆಗೆ ಹಾರುವ ಕಳ್ಳ. ಕುಣಿಗಲ್ಲಿನಿಂದ ಬರುವ ಗೆಳತಿಯದು ಬಿಲ್ಲುಗಾರ್ತಿ. ಆಟದ ಪುಸ್ತಕದಂತೆ ಎಂಥ ಪೆಟ್ಟು ಬಿದ್ದರೂ ಮಲಗಿ ಎದ್ದರೆ ವಾಸಿ. ಅದು ನನಗೆ ಸರಿಕಾಣಲಿಲ್ಲ. ಗುಬ್ಬಿಯ ದೇವಸ್ಥಾನದ ಮುಂದಿನ ಅಂಗಡಿಯಿಂದ, ಹರಕೆಗೆ ಒಪ್ಪಿಸುವ ಬೆಳ್ಳಿಬಣ್ಣದ ತಗಡುಗಳನ್ನು ಕಟ್ಟಿಸಿಕೊಂಡು ತಂದೆನು: ಕಣ್ಣು, ಕಿವಿ, ಕೈ, ಕಾಲು, ಹೀಗೆ ದಾಳದ ಮುಖಕ್ಕೊಂದು. ಯುದ್ಧದಲ್ಲಿ ಬಿದ್ದವರು ದಾಳ ಹಾಕಿ, ಬಂದ ತಗಡನ್ನು ಮುಂದಿಟ್ಟುಕೊಂಡು, ಆ ಊನದೊಡನೆಯೇ ಆಡತಕ್ಕದ್ದು. ಕಥೆಯೊಳಗಿನ ಗುಡಿಗೆ ಅದನ್ನು ಒಪ್ಪಿಸಿದರೆ ಮಾತ್ರ ವಾಸಿ.

ಸದರಿ ಗೆಳೆಯನು ಕುಣಿಗಲ್ ರಸ್ತೆಯಲ್ಲಿ ಬೈಕಿನಿಂದ ಬಿದ್ದಂದಿನಿಂದ ಕುಂಟುತ್ತಾನೆ ಎಂಬುದನ್ನು ನಾನು ಪರಿಗಣಿಸಿರಲಿಲ್ಲ.

ಒಂದು ಭಾನುವಾರ ಕಳ್ಳನು ಬಿದ್ದನು. ದಾಳವು ಕಾಲನ್ನು ತೋರಿಸಿತು.

“ಈ ಸಲ ಬೇಡ, ಬುಡು,” ಎಂದೆನು.

“ಯಾಕೆ? ನನ್ನ ಬಿಲ್ಲುಗಾರ್ತಿ ಕಣ್ಣು ಹೋದಾಗ ರೂಲ್ಸ್ ಅಂದ್ರೆ ರೂಲ್ಸ್ ಅಂದಿದ್ರಿ,” ಎಂದಳು ಗೆಳತಿ. ಅಂದ ಮೇಲೆ ಅವಳಿಗೂ ಅರಿವಾಗಿ ನಿಪ್ಪಟ್ಟಿನ ತಟ್ಟೆಯನ್ನೇ ನೋಡುತ್ತ ಕುಳಿತಳು.

“ಕೊಡ್ಲಾ ಇಲ್ಲಿ,” ಎಂದು ಗೆಳೆಯನೇ ತಗಡನ್ನು ಎಳೆದುಕೊಂಡನು. ಅಂದು ಕಳ್ಳನು ಹಾರಲಿಲ್ಲ. ಹೋಗುವಾಗ ಗೆಳೆಯನು ತಗಡನ್ನು ಡಬ್ಬಿಗೆ ಹಾಕಿ ಹೋದನು.

ಅವನು ಓಡುತ್ತಿದ್ದುದು ಈ ಆಟದಲ್ಲಿ ಮಾತ್ರ. ಅದನ್ನೂ ಕಿತ್ತುಕೊಂಡೆನಲ್ಲ, ಇನ್ನು ಬರುವುದಿಲ್ಲವೇನೋ ಎಂಬ ಅಳುಕು ವಾರವಿಡೀ ಬಾಧಿಸಿತು. ಪರಿಹಾರಾರ್ಥವಾಗಿ ನಾನು ಗುಬ್ಬಿಗೆ ಹೋಗಿ, ಅವನ ಹೆಸರು ಹೇಳಿಕೊಂಡು, ಆ ಕಾಲನ್ನು ನಿಜವಾದ ಹುಂಡಿಗೇ ಹಾಕಿ ಬಂದೆನು.

ಭಾನುವಾರ ಅವನು ಬಂದನು. ಡಬ್ಬಿ ತಡಕಾಡಿದನು.

“ಏನ್ಲಾ, ನನ್ ಕಾಲೆಲ್ಲೋ?”

“ಹುಂಡಿಗೆ ಹಾಕ್ದೆ. ಕಳ್ಳ ವಾಸಿಯಾದ ಅಂತ ಇಟ್ಕೋ.”

“ನನ್ನ ಒಂದ್ ಮಾತೂ ಕೇಳ್ದೆ? ಕುಂಟ ಕಳ್ಳ ಕೋಟೆ ಒಳಕ್ಕೆ ಹೆಂಗ್ ನುಗ್ತಾನೆ ಅಂತ ವಾರ ಪೂರ್ತಿ ಪ್ಲಾನ್ ಮಾಡ್ಕೊಂಡ್ ಬಂದಿದೀನಿ. ವಾಸಿ ಮಾಡಾಕೆ ನೀನ್ಯಾರ್ಲಾ?”

“ನಮ್ಮಜ್ಜಿನೂ ಹಿಂಗೇ. ನನ್ನ ಕೇಳ್ದೆ ನನ್ ಮುಡಿ ಹರಕೆ ಹೊತ್ಕೊಂಡಿದ್ರು,” ಎಂದಳು ಗೆಳತಿ.

“ಅಜ್ಜಿಗೆ ವಯಸ್ಸಾಗಿತ್ತು. ಇವ್ನಿಗೇನ್ ಬಂದಿತ್ತು? ಬೇರೆ ಕಾಲು ತರೋಗಂಟ ನಾನ್ ಆಡಲ್ಲ.”

ಅದರಂತೆ ಮರುದಿನ ಅದೇ ಅಂಗಡಿಯ ಮುಂದೆ ಹಾಜರಾದೆನು. “ಎಡಗಾಲೋ ಬಲಗಾಲೋ ಸ್ವಾಮಿ?” ಎಂದು ಅಂಗಡಿಯವರು ಕೇಳಿದರು. ಗೆಳೆಯನಿಗೆ ಫೋನ್ ಮಾಡಿದೆನು.

“ಯಾವ ಕಾಲೋ?”

“ಕಳ್ಳಂದಾ, ನಂದಾ?”

ಅವನ ನಡಿಗೆಯತ್ತ ನೋಡದಿರುವುದೇ ಸಭ್ಯತೆಯೆಂದು ಭಾವಿಸಿದ್ದ ನನಗೆ ಎರಡೂ ಗೊತ್ತಿರಲಿಲ್ಲ. “ಎರಡೂ ಹೇಳ್ಬುಡು,” ಎಂದೆನು. ಅವನಿಗೆ ಅದು ತಿಳಿದುಹೋಯಿತು.

“ನಂದು ಬಲಗಾಲು ಕಣೋ,” ಎಂದನು. “ಕಳ್ಳಂಗೂ ಅದೇ ಇರ್ಲಿ. ಭಾನುವಾರ ಬರ್ತೀನಿ.”