ಟೈಲರಕ್ಕನ ರಿವರ್ಸ್ ಗೇರು

ಎದುರಿಗೆ ಲಾರಿ ಬಂದರೂ ಹಿಂದೆ ಸರಿಯುವ ಹೆಂಗಸಲ್ಲ ಅಂತ ಟೈಲರಕ್ಕನಿಗೆ ಊರೆಲ್ಲ ಹೆಸರಿತ್ತು. ಹೆಸರೇನೋ ನಿಜವೇ. ಅದರ ಹಿಂದಿನ ಗುಟ್ಟು ಗೊತ್ತಿದ್ದದ್ದು ಮಾತ್ರ ಅವಳ ಲೆಕ್ಕದಲ್ಲಿ ಇಬ್ಬರಿಗೆ, ಅವಳಿಗೆ ಮತ್ತು ಅವಳ ಗಂಡನಿಗೆ. ಅವಳ ಕಾರಿನ ರಿವರ್ಸ್ ಗೇರು ಕೈಕೊಟ್ಟು ಏಳು ತಿಂಗಳಾಗಿತ್ತು.

ಮೊದಲಿಂದ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅವಳನ್ನು ಬರೀ ಹಟಮಾರಿ ಅಂದುಕೊಳ್ಳುತ್ತೀರಿ. ಹಟಮಾರಿ ಹೌದು, ಅದು ಬೇರೆ ಮಾತು.

ಇಪ್ಪತ್ತೆಂಟು ವರ್ಷ ಹೊಲಿಗೆ ಮೆಷಿನ್ ತುಳಿದು ತುಳಿದು ಅವಳ ಎಡ ಮೊಣಕಾಲು ಸವೆದುಹೋಗಿತ್ತು. ಆಮೇಲೆ ಮೆಷಿನ್ನಿಗೇನೋ ಮೋಟಾರು ಬಂತು, ಮೊಣಕಾಲಿಗೆ ಏನೂ ಬರಲಿಲ್ಲ. ಕೆಲಸ ನೋಡಿದರೆ ಮೂರು ಶಾಲೆಗಳ ಯೂನಿಫಾರ್ಮು, ಒಂದು ಆಸ್ಪತ್ರೆಯ ಪರದೆಗಳು. ಅಳತೆ ತೆಗೆಯಲು ಹೋಗಬೇಕು, ಹೊಲಿದದ್ದನ್ನು ಹೊತ್ತು ಕೊಟ್ಟು ಬರಬೇಕು. ಅದಕ್ಕೆಲ್ಲ ಅವಳನ್ನು ತನ್ನ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಿದ್ದವನು ಅವಳ ಅಣ್ಣ.

ಅಣ್ಣ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸು ಬಿಟ್ಟ, ಟೈಮು ಬಿಡಲಿಲ್ಲ. ಒಂಬತ್ತು ಹತ್ತಕ್ಕೆ ಹೊರಡುತ್ತೇನೆ ಅಂದರೆ ಒಂಬತ್ತು ಹತ್ತಕ್ಕೆ ಚಕ್ರ ಉರುಳಲೇಬೇಕು. ಒಂಬತ್ತು ಏಳಕ್ಕೇ ಹಾರನ್ ಶುರು. ಒಮ್ಮೆ ಅವಳು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕಿಟಕಿಯ ಅಳತೆ ತೆಗೆಯುತ್ತಿರುವಾಗಲೇ ಅದೇ ಕಿಟಕಿಯಿಂದ ಕೆಳಗೆ ಅಣ್ಣನ ಗಾಡಿ ಗೇಟು ದಾಟುವುದನ್ನು ನೋಡಿದಳು. ಆಮೇಲೆ ಕೇಳಿದರೆ, ಐದು ನಿಮಿಷ ಅಂದಿದ್ದೆ, ಏಳು ನಿಮಿಷ ಕಾದೆ ಅಂದ. ಆವತ್ತು ಮನೆಗೆ ಕುಂಟಿಕೊಂಡು ಬಂದವಳಿಗೆ ಸಿಟ್ಟಿಗಿಂತ ಅಳು ಹೆಚ್ಚು ಬಂತು. ಐವತ್ತೆರಡು ವರ್ಷದ ಹೆಂಗಸು, ಮೂರು ಶಾಲೆಯ ಮಕ್ಕಳಿಗೆ ಬಟ್ಟೆ ತೊಡಿಸುವವಳು, ಒಂದು ಗುಂಡಿ ತರಬೇಕಾದರೂ ಇನ್ನೊಬ್ಬರ ಟೈಮು ಕೇಳಬೇಕಲ್ಲ ಅಂತ.

ಹಾಗಾಗಿ ಹಲ್ಲಿನ ಡಾಕ್ಟರೊಬ್ಬರು ತಮ್ಮ ಹಳೇ ಕಾರು ಮಾರುತ್ತಾರೆ, ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತನ್ನಷ್ಟಕ್ಕೆ ಬೀಳುತ್ತದೆ ಅಂತ ಕಿವಿಗೆ ಬಿದ್ದದ್ದೇ ತಡ, ಹೋಗಿ ನೋಡಿ ಮಾತಾಡಿ ಬಂದಳು. ಹದಿನಾಲ್ಕು ವರ್ಷದ ಬೂದು ಕಾರು. ಅಣ್ಣ ಅದರ ಸುತ್ತ ಎರಡು ಸುತ್ತು ಹಾಕಿ ಮೂಗು ಮುರಿದ. ಗೇರು ತಾನೇ ಬೀಳುವುದಾದರೆ ಡ್ರೈವರ್ ಯಾಕೆ, ಒಂದು ದಿಂಬು ಕೂರಿಸಿದರೂ ಸಾಕಲ್ಲ ಅಂದ. ಇಂಥ ಗೇರು ಪೆಟ್ಟಿಗೆ ಕೆಟ್ಟರೆ ರಿಪೇರಿಗೆ ಕಾರಿನ ಬೆಲೆಯೇ ಬೀಳುತ್ತದೆ ಅಂತ ಹೆದರಿಸಿದ. ಅವಳು ಜಪ್ಪಯ್ಯ ಅಂದರೂ ಕೇಳದಿದ್ದಾಗ ಒಂದು ಷರತ್ತು ಹಾಕಿದ.

"ಮೊದಲನೇ ಸಲ ಕೆಟ್ಟ ದಿನವೇ ಇದನ್ನ ಮಾರ್ತೀಯ. ಮತ್ತೆ ನನ್ನ ಗಾಡೀನೇ ಹತ್ತುತ್ತೀಯ. ಒಪ್ಪಿಗೆನಾ?"

"ಒಪ್ಪಿಗೆ" ಅಂದಳು. ಅವರ ಮನೆಯಲ್ಲಿ ಅಪ್ಪನ ಕಾಲದಿಂದ ಒಪ್ಪಿಗೆ ಅಂದರೆ ಮುಗಿಯಿತು, ಮತ್ತೆ ಕೊಸರಾಡುವ ಹಾಗಿಲ್ಲ.

ಕಾರು ಬಂದ ಮೊದಲ ದಿನ ಒಬ್ಬಳೇ ಹೋಗಿ ದಾರದ ಉಂಡೆ ತಂದಳು. ಚೀಲ ಮನೆಯಲ್ಲಿಟ್ಟು ಯಾವ ಕೆಲಸವೂ ಇಲ್ಲದೆ ಮತ್ತೆ ಹೊರಟಳು. ಊರ ಸುತ್ತ ಮೂರು ಸುತ್ತು ಹಾಕಿ ಬಂದಾಗ ಅವಳ ಮುಖ ನೋಡಿ ಗಂಡನಿಗೇ ಸಂತೋಷ ತಡೆಯಲಾಗಲಿಲ್ಲವಂತೆ.

ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಲಿವರನ್ನು ರಿವರ್ಸಿಗೆ ಹಾಕಿ ಕಾಲು ಒತ್ತಿದರೆ ಎಂಜಿನ್ ಬೊಬ್ಬೆ ಹೊಡೆಯಿತು, ಕಾರು ಕ್ಯಾರೇ ಅನ್ನಲಿಲ್ಲ. ಮುಂದಕ್ಕೆ ಹಾಕಿದರೆ ಏನೂ ಆಗಿಲ್ಲವೆಂಬಂತೆ ಹೋಯಿತು. ಮೆಕ್ಯಾನಿಕ್ ಹತ್ತಿರ ಹೋಗೋಣ ಅಂದರೆ ಊರಿನ ಮೆಕ್ಯಾನಿಕ್‌ಗಳೆಲ್ಲ ಅಣ್ಣನ ಜೊತೆ ಟೀ ಕುಡಿಯುವವರು. ಬೆಳಿಗ್ಗೆ ತೋರಿಸಿದರೆ ಮಧ್ಯಾಹ್ನದೊಳಗೆ ಸುದ್ದಿ ಅಣ್ಣನ ಕಿವಿಗೆ. ಅಲ್ಲಿಗೆ ಕಾರೂ ಹೋಯಿತು, ಊರ ಸುತ್ತ ಮೂರು ಸುತ್ತೂ ಹೋಯಿತು.

ಅವಳು ಯೋಚಿಸಿದಳು. ಮುಂದಕ್ಕೆ ಹೋಗುತ್ತದಲ್ಲ, ಹಾಗಾದರೆ ಕೆಟ್ಟಿಲ್ಲ. ಅರ್ಧ ಕೆಟ್ಟದ್ದು ಷರತ್ತಿಗೆ ಬರುವುದಿಲ್ಲ.

ಅವತ್ತಿಂದ ಅವಳ ಬದುಕು ಬರೀ ಮುಮ್ಮುಖ. ಕತ್ತಿನ ಟೇಪು ತೆಗೆದು ಕಾರು ಒಂದೇ ಏಟಿಗೆ ತಿರುಗಲು ಎಷ್ಟು ಜಾಗ ಬೇಕು ಅಂತ ಅಳೆದಳು: ಮೂವತ್ತಮೂರು ಅಡಿ. ಅಷ್ಟಿಲ್ಲದ ಕಡೆ ಹೋಗುವ ಪ್ರಶ್ನೆಯೇ ಇಲ್ಲ. ಯಾವ ಶಾಲೆಗೆ ಎರಡು ಗೇಟು, ಯಾವ ಅಂಗಡಿಯ ಮುಂದೆ ಮೂತಿ ರಸ್ತೆಗೆ ಮಾಡಿ ನಿಲ್ಲಿಸಬಹುದು, ಎಲ್ಲ ಬಾಯಿಪಾಠ. ಒಂದು ಗೇಟಿನ ಶಾಲೆಯ ಹೆಡ್‌ಮಿಸ್ಸಿಗೆ, ಮಕ್ಕಳ ಅಳತೆ ಗಾಳಿ ಬೆಳಕಿರುವ ಆಟದ ಮೈದಾನದಲ್ಲೇ ಸರಿಯಾಗಿ ಬರುವುದು ಅಂತ ಒಪ್ಪಿಸಿ ಕಾರನ್ನು ಮೈದಾನಕ್ಕೇ ಇಳಿಸಿದಳು. ತೀರಾ ಸಿಕ್ಕಿಕೊಂಡರೆ ಗಂಡನಿದ್ದ. ಲೈಬ್ರರಿಯಲ್ಲಿ ಗುಮಾಸ್ತ, ಬಡಕಲು ಮನುಷ್ಯ, ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಅವಳು ಲಿವರನ್ನು ನ್ಯೂಟ್ರಲ್ಲಿಗೆ ಹಾಕಿ "ರೀ" ಅನ್ನುತ್ತಿದ್ದಳು. ಅವರು ಇಳಿದು, ಬಾನೆಟ್ಟಿಗೆ ಎರಡೂ ಕೈ ಕೊಟ್ಟು ಕಾರನ್ನು ಹಿಂದಕ್ಕೆ ತಳ್ಳಿ, ಕೈ ಒರೆಸಿಕೊಂಡು ಬಂದು ಕೂರುತ್ತಿದ್ದರು. ಯಾರಾದರೂ ನೋಡಿದರೆ ವ್ಯಾಯಾಮ ಅನ್ನುತ್ತಿದ್ದರು.

ಲಾರಿಯ ಕತೆ ಆಗಲೇ ನಡೆದದ್ದು. ಹಿಂದಿನ ಸೀಟಿನಲ್ಲಿ ನಲವತ್ತು ಜೊತೆ ಯೂನಿಫಾರ್ಮು, ಹತ್ತು ಗಂಟೆಗೆ ಕೊಡಬೇಕು. ಸಂದಿಯ ಅರ್ಧಕ್ಕೆ ಹೋಗಿದ್ದಾಳೆ, ಎದುರಿಗೆ ಕಸದ ಲಾರಿ, ಅದರ ಹಿಂದೆ ಹಾಲಿನ ವ್ಯಾನು, ಅದರ ಹಿಂದೆ ನಾಲ್ಕು ಸ್ಕೂಟರು. ಲಾರಿಯವನು ಹಿಂದೆ ಹೋಗಿ ಅಂತ ಕೈ ಬೀಸಿದ. ಗಂಡ ಆವತ್ತು ಜೊತೆಗಿಲ್ಲ. ಆದರೂ ಮುಖದ ಮೇಲೆ ಮಹಾರಾಣಿಯ ಗತ್ತು. ಎಂಜಿನ್ ಆರಿಸಿದಳು. ಹಿಂದಿನ ಸೀಟಿನಿಂದ ಒಂದು ಅಂಗಿ ಎಳೆದುಕೊಂಡು, ಸೂಜಿಗೆ ದಾರ ಪೋಣಿಸಿ ಗುಂಡಿ ಹಾಕತೊಡಗಿದಳು. ಮೊದಲ ಗುಂಡಿಗೆ ಹಾರನ್, ಎರಡನೆಯದಕ್ಕೆ ಬೈಗುಳ. ನಾಲ್ಕನೇ ಗುಂಡಿ ಮುಗಿಯುವಾಗ ಸ್ಕೂಟರು, ವ್ಯಾನು, ಲಾರಿ ಎಲ್ಲ ಸಾಲಾಗಿ ಹಿಂದಕ್ಕೆ ಹೋಗಿ ದಾರಿ ಬಿಟ್ಟಿದ್ದವು. ಅವಳು ಕತ್ತು ಎತ್ತಿಕೊಂಡು ದಾಟಿದಳು. ಸಂದಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರಂತೆ.

ಇದೆಲ್ಲ ಅಣ್ಣನಿಗೆ ಗೊತ್ತಾಗಬಾರದು. ಕಷ್ಟವೆಂದರೆ ಪ್ರತಿ ಭಾನುವಾರ ಗಂಡ ಹೆಂಡತಿ ಅಣ್ಣನ ಮನೆಗೆ ಹೋಗುವ ರೂಢಿ. ಅವನ ಅಂಗಳಕ್ಕೆ ಒಂದೇ ಗೇಟು. ಜಾಗ ಇಲ್ಲ, ಗೋಡೆಗೆ ತಾಗುತ್ತದೆ ಅಂತ ಏನೇನೋ ನೆಪ ಹೇಳಿ ಅವಳು ಬೀದಿಯಲ್ಲೇ ನಿಲ್ಲಿಸುತ್ತಿದ್ದಳು, ಅಲ್ಲಿಂದ ಕುಂಟಿಕೊಂಡು ಬರುತ್ತಿದ್ದಳು. ಅಷ್ಟರಲ್ಲಿ ಅಣ್ಣನಿಗೆ ಅದೇನೋ ಸ್ವಚ್ಛತೆಯ ಹುಚ್ಚು ಹಿಡಿಯಿತು. ಒಂದು ಭಾನುವಾರ ನೀರಿನ ಡ್ರಮ್ಮು ಕಾಣಲಿಲ್ಲ. ಮುಂದಿನ ವಾರ ಕಲ್ಲಿನ ಬೆಂಚಿಲ್ಲ. ಆಮೇಲೆ ಅತ್ತಿಗೆಯ ಹೂವಿನ ಕುಂಡಗಳು ಮಾಳಿಗೆ ಹತ್ತಿದವು. ಕೊನೆಗೆ ಅಣ್ಣ ತಾನೇ ನೆಟ್ಟು, ಹನ್ನೆರಡು ವರ್ಷ ನೀರು ಹೊಯ್ದು ಬೆಳೆಸಿದ್ದ ನಿಂಬೆ ಗಿಡವನ್ನೇ ಕಡಿದು ಹಾಕಿದ. ಬೇರು ಗೋಡೆಗೆ ಹೋಗುತ್ತಿತ್ತು ಅಂದ. ಕಾಯಿ ಬಿಡುವ ಗಿಡವನ್ನು ಯಾರಾದರೂ ಕಡಿಯುತ್ತಾರಾ, ವಯಸ್ಸಾದ ಹಾಗೆ ಇವರಿಗೆ ಬುದ್ಧಿ ಕೆಡುತ್ತಿದೆ ಅಂತ ಅತ್ತಿಗೆ ಒಂದು ತಿಂಗಳು ಗೊಣಗಿದಳು. ಟೈಲರಕ್ಕನಿಗಂತೂ ಲಾಭವಾಯಿತು. ಅಂಗಳಕ್ಕೆ ನುಗ್ಗಿ, ಒಂದೇ ಸುತ್ತಿಗೆ ತಿರುಗಿ, ಗೇಟಿಗೆ ಮೂತಿ ಮಾಡಿ ನಿಲ್ಲಿಸುವಷ್ಟು ಜಾಗ ಸಿಕ್ಕಿತು. ಅದೃಷ್ಟ ಅಂದುಕೊಂಡಳು.

ತಿಂಗಳ ಮೊದಲ ಭಾನುವಾರ ಅಣ್ಣ ಟವೆಲು ಹಿಡಿದು ಆಯಿಲ್ ನೋಡುತ್ತಿದ್ದ. ಅದು ಅವನು ತಾನಾಗಿ ವಹಿಸಿಕೊಂಡ ಕೆಲಸ. ಕಾರು ಬಂದು ನಿಂತ ಕೂಡಲೇ ಎಂಜಿನ್ ಆರಿಸು, ಆಯಿಲ್ ಕೆಳಗಿಳೀಲಿ ಅನ್ನುತ್ತಿದ್ದ. ಗಡಿಯಾರ ನೋಡಿ ಹತ್ತು ನಿಮಿಷ ಕಾಯುತ್ತಿದ್ದ. ಬಸ್ಸಿಗೆ ಹಾಗೇ ಮಾಡಿದವನು. ಆಮೇಲೆ ಎಂಜಿನ್ನಿನದೊಂದು, ಗೇರು ಪೆಟ್ಟಿಗೆಯದೊಂದು, ಎರಡೂ ಅಳತೆ ಕಡ್ಡಿ ಎಳೆದು, ಒರೆಸಿ, ಅದ್ದಿ, ಬೆಳಕಿಗೆ ಹಿಡಿದು "ಫುಲ್" ಅನ್ನುತ್ತಿದ್ದ. "ಇದೊಂದು ಸರಿ ಇದೆ ಈ ಗಾಡೀಲಿ." ಒಮ್ಮೆ ಅವಳ ಮನೆ ಮುಂದೆ ಕಾರಿನಡಿ ಕೆಂಪು ಹನಿಗಳನ್ನು ಕಂಡು ಇದೇನು ಅಂತ ಕೇಳಿದ. ಕೆಂಪು ಬಟ್ಟೆ ಒಗೆದಿದ್ದೆ, ಬಣ್ಣ ಬಿಟ್ಟಿತು ಅಂದಳು ಅವಳು, ಕಣ್ಣು ಮಿಟುಕಿಸದೆ. ಮರುದಿನದಿಂದ ಕಾರಿನಡಿಗೆ ಹಳೇ ಪರದೆ ಹಾಸಿದಳು.

ರಿವರ್ಸ್ ಹೋದ ಏಳನೇ ತಿಂಗಳಿಗೆ ಮುಂದಿನ ಗೇರೂ ಸೊಕ್ಕು ಮಾಡತೊಡಗಿತು. ಲಿವರು ಹಾಕಿ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿದ ಮೇಲೆ ಧಡ್ ಅಂತ ಹಾರುತ್ತಿತ್ತು. ಇನ್ನು ಮುಚ್ಚಿಟ್ಟರೆ ನಡುರಸ್ತೆಯಲ್ಲೇ ಮಾನ ಹೋಗುತ್ತದೆ ಅಂತ ಗಂಡನನ್ನು ಕೂರಿಸಿಕೊಂಡು ಹೆದ್ದಾರಿ ಹಿಡಿದಳು. ಒಂದೂವರೆ ತಾಸಿನ ದಾರಿಯಲ್ಲಿ ಇಂಥ ಪೆಟ್ಟಿಗೆಗಳನ್ನು ಮಾತ್ರ ಬಿಚ್ಚುವ ಮೇಸ್ತ್ರಿಯೊಬ್ಬರಿದ್ದರು. ತಗಡಿನ ಶೆಡ್ಡು, ಕಣ್ಣಿಗೊಂದು ಹಣೆಗೊಂದು ಕನ್ನಡಕ, ಅಣ್ಣನ ಪರಿಚಯ ಇಲ್ಲ.

ಮೇಸ್ತ್ರಿ ಎಲ್ಲ ಕೇಳಿಸಿಕೊಂಡು, ಆಯಿಲ್ ಯಾರು ನೋಡುವುದು ಅಂದರು. ನಮ್ಮಣ್ಣ ತಿಂಗಳು ತಿಂಗಳು ನೋಡುತ್ತಾನೆ, ಯಾವಾಗಲೂ ಫುಲ್ ಅಂದಳು.

"ಎಂಜಿನ್ ಆರಿಸಿ ನೋಡ್ತಾರಾ?"

"ಮತ್ತೆ? ಆರಿಸಿ, ಹತ್ತು ನಿಮಿಷ ಕಾದು ನೋಡ್ತಾನೆ."

ಮೇಸ್ತ್ರಿ ಬಾಯಲ್ಲಿ ನಗಲಿಲ್ಲ, ಭುಜ ಮಾತ್ರ ಕುಲುಕಿತು. ಬಿಸಿಯಾಗಿದ್ದ ಎಂಜಿನ್ ಹಾಗೇ ಓಡುತ್ತಿರಲು ಬಿಟ್ಟು, ಬ್ರೇಕು ಒತ್ತಿಕೊಂಡು ಲಿವರನ್ನು ಎಲ್ಲ ಜಾಗಕ್ಕೂ ಒಮ್ಮೆ ಮೆಲ್ಲಗೆ ಒಯ್ದು, ವಾಪಸು ಪಾರ್ಕಿಗೆ, ಅಂದರೆ ಗಾಡಿ ನಿಲ್ಲಿಸುವಾಗಿನ ಜಾಗಕ್ಕೆ, ತಂದು ಗೇರು ಪೆಟ್ಟಿಗೆಯ ಕಡ್ಡಿ ಎಳೆದರು. ತುದಿ ಮಾತ್ರ ಒದ್ದೆ. ಈ ಪೆಟ್ಟಿಗೆಯಲ್ಲಿ ಎಂಜಿನ್ ಓಡುವಾಗ ಎಣ್ಣೆ ಒಳಗೆಲ್ಲ ಹೋಗಿರುತ್ತದಂತೆ. ಆರಿಸಿದರೆ ಕೆಳಗಿಳಿದು ನಿಂತು, ಕಡಿಮೆಯಿದ್ದರೂ ಕಡ್ಡಿಗೆ ಭರ್ತಿ ಕಾಣುತ್ತದಂತೆ. ಎಣ್ಣೆ ಕಮ್ಮಿಯಾದದ್ದಕ್ಕೇ ಒತ್ತಡ ಸಾಲದೆ ರಿವರ್ಸ್ ಹಿಡಿಯುತ್ತಿಲ್ಲ. ಮೇಸ್ತ್ರಿ ಎಣ್ಣೆ ಮೂಸಿ ನೋಡಿ, ಪುಣ್ಯ, ಇನ್ನೂ ಸುಟ್ಟಿಲ್ಲ, ಇನ್ನೊಂದು ತಿಂಗಳು ಹೀಗೇ ಓಡಿಸಿದ್ದರೆ ಒಳಗಿನ ಪ್ಲೇಟೆಲ್ಲ ಹೋಗುತ್ತಿತ್ತು ಅಂದರು. ಕೆಳಗೆ ಎಲ್ಲಾದರೂ ಕೆಂಪಗೆ ಸೋರುತ್ತಿತ್ತಾ ಅಂತ ಕೇಳಿದಾಗ ಟೈಲರಕ್ಕ ನಾಲಿಗೆ ಕಚ್ಚಿಕೊಂಡಳು. ಗಂಡ ಶೆಡ್ಡಿನ ತಗಡು ನೋಡುತ್ತ ನಿಂತರು.

ಪೈಪಿನ ಜೋಡಣೆಗೊಂದು ವಾಷರು, ಹೊಸ ಫಿಲ್ಟರು, ಹೊಸ ಎಣ್ಣೆ. ಸಂಜೆಯೊಳಗೆ ಕಾರು ಹಿಂದಕ್ಕೆ ಹೋಯಿತು. ಅವಳು ಶೆಡ್ಡಿನ ಮುಂದೆ ಬೇಕೆಂದೇ ನಾಲ್ಕು ಸಲ ಹಿಂದಕ್ಕೆ ಹೋದಳು.

ವಾಪಸು ಬರುವ ದಾರಿಯುದ್ದಕ್ಕೂ ಅವಳು ಒಂದು ಮಾತನ್ನು ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿದಳು. ಮೂವತ್ತೊಂದು ವರ್ಷದ ಡ್ರೈವರ್ ಸಾಹೇಬರಿಗೆ ಎಣ್ಣೆ ನೋಡೋಕೇ ಬರಲ್ವಂತೆ. ಅತ್ತಿಗೆಯ ಎದುರಿಗೇ ಹೇಳಬೇಕು. ಆಸ್ಪತ್ರೆಯ ಆ ಏಳು ನಿಮಿಷಕ್ಕೆ ಬಡ್ಡಿ ಸಮೇತ. ಬಿಟ್ಟುಬಿಡೇ ಅಂದರು ಗಂಡ. ಅವಳು ಕೇಳಿಸಿಕೊಳ್ಳಲಿಲ್ಲ.

ಭಾನುವಾರ ಬಂತು, ತಿಂಗಳ ಮೊದಲನೆಯದು. ಅಣ್ಣನ ಬೀದಿಯ ತುದಿಯಲ್ಲೇ ಕಾರು ತಿರುಗಿಸಿಕೊಂಡು, ಇಡೀ ಬೀದಿಯನ್ನು ಹಿಮ್ಮುಖವಾಗಿ ದಾಟಿ, ಗೇಟಿನೊಳಗೆ ಹಿಂದಿನಿಂದಲೇ ನುಗ್ಗಿದಳು. ಟವೆಲು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ ಅಣ್ಣ ಎದ್ದು ನಿಂತ.

"ಓ, ರಿವರ್ಸ್ ಬಂತಾ?" ಅಂದ.

ಅವಳ ಇಸ್ತ್ರಿ ಮಾಡಿದ ಮಾತು ಅಲ್ಲೇ ನಿಂತಿತು. "ನಿನಗೆ ಗೊತ್ತಿತ್ತಾ?"

"ಬಾನೆಟ್ ಮೇಲೆ ಭಾವನ ಕೈ ಅಚ್ಚು ಎಷ್ಟು ಸಲ ನೋಡಿದೀನಿ. ಕಾರು ನಿಲ್ಲಿಸೋ ಜಾಗ ನೋಡಿದ್ರೇ ಗೊತ್ತಾಗುತ್ತೆ, ಯಾರಿಗೆ ಹಿಂದೆ ಹೋಗೋಕೆ ಆಗಲ್ಲ ಅಂತ."

"ಮತ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಾರಬೇಕಾಗ್ತಿತ್ತಲ್ಲ. ಒಪ್ಪಿಗೆ ಅಂದಿದ್ದೆ ನೀನು." ಟವೆಲನ್ನು ಹೆಗಲಿಗೆ ಹಾಕಿಕೊಂಡು ಅವನು ಅಂಗಳದ ಮೂಲೆ ನೋಡಿದ. ಅಲ್ಲಿ ನೆಲಮಟ್ಟಕ್ಕೆ ಕೊಯ್ದ ಬುಡ ಒಣಗಿ ಬೆಳ್ಳಗಾಗಿತ್ತು. "ಹಾಗಾದ್ರೆ ಸರಿಹೋಗೋದೇ ಆಗಿತ್ತು. ಸುಮ್ಮನೆ ಆ ಗಿಡ ಕಡಿದುಬಿಟ್ಟೆ."

ಡ್ರಮ್ಮು, ಬೆಂಚು, ಕುಂಡಗಳು, ನಿಂಬೆ ಗಿಡ. ಇಷ್ಟು ವಾರ ತಾನು ಒಂದೇ ಸುತ್ತಿಗೆ ತಿರುಗಿದ ಆ ಮೂವತ್ತಮೂರು ಅಡಿ ಜಾಗ. ಟೈಲರಕ್ಕನಿಗೆ ಬೇರು ಗೋಡೆಗೆ ಹೋಗುತ್ತಿತ್ತು ಅಂದವನ ಮೇಲೆ ಸಿಟ್ಟೂ ಬಂತು, ಅಪ್ಪಿಕೊಳ್ಳಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡಲಿಲ್ಲ.

ಅಣ್ಣ ಆಗಲೇ ಕಾರಿನ ಮುಂದೆ ಬಂದು ನಿಂತಿದ್ದ. "ಬಾನೆಟ್ ತೆಗಿ. ಎಂಜಿನ್ ಆರಿಸು, ಆಯಿಲ್ ಕೆಳಗಿಳೀಲಿ."

ಅವಳು ಬ್ರೇಕು ಒತ್ತಿಕೊಂಡು ಲಿವರನ್ನು ಎಲ್ಲ ಜಾಗಕ್ಕೂ ಒಮ್ಮೆ ಮೆಲ್ಲಗೆ ಒಯ್ದು ಪಾರ್ಕಿಗೆ ತಂದಳು. ಕೀಲಿ ಮುಟ್ಟಲಿಲ್ಲ.

"ಇವರಿಗೆ ತುಂಬಾ ಸೆಕೆಯಂತೆ ಅಣ್ಣ, ಏಸಿ ಬೇಕಂತೆ. ಓಡ್ತಾ ಇರಲಿ, ಹಾಗೇ ನೋಡಿಬಿಡು."

ಬದುಕಿನಲ್ಲಿ ಏನನ್ನೂ ಬೇಕೆಂದು ಕೇಳದ ಗಂಡ, ಆ ತಣ್ಣನೆಯ ಬೆಳಿಗ್ಗೆ ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಹೀಗೆಲ್ಲ ನೋಡಿದರೆ ಅಳತೆ ಸರಿ ಬರುವುದಿಲ್ಲ ಅಂತ ಅಣ್ಣ ಗೊಣಗಿದ. ಆದರೂ ಭಾವನ ಮುಖ ನೋಡಿ ಗೇರು ಪೆಟ್ಟಿಗೆಯ ಕಡ್ಡಿ ಎಳೆದ, ಒರೆಸಿದ, ಅದ್ದಿದ, ಬೆಳಕಿಗೆ ಎತ್ತಿ ಹಿಡಿದ.

"ಫುಲ್" ಅಂದ. "ಇದೊಂದು ಸರಿ ಇದೆ ಈ ಗಾಡೀಲಿ."

"ನೋಡ್ಕೊಳ್ಳೋಕೆ ನೀನಿದ್ದೀಯಲ್ಲ, ಅಣ್ಣ" ಅಂದಳು ಟೈಲರಕ್ಕ.