ಸಹಿ ಮಾಡದ ತಂಗಿಯ ಪಂಚಮಿ

ಕೆಲಗೇರಿಯ ಭಾಗ್ಯಶ್ರೀ ಮಾಡುವ ಕೆಲಸ ಏನೆಂದು ಅವಳ ಓಣಿಯವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕೆಲವರು ಜನಗಣತಿಯವಳು ಎನ್ನುತ್ತಾರೆ. ಇನ್ನು ಕೆಲವರು ರೇಷನ್ ಕಾರ್ಡು ಮಾಡಿಸಿಕೊಡುವವಳು ಎಂದುಕೊಂಡು ಬೆಳಗಾಗುವುದರೊಳಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವಳು ಯಾರಿಗೂ ಇಲ್ಲ ಎನ್ನುವುದಿಲ್ಲ. ಯಾವ ಕಚೇರಿಗೆ ಹೋಗಬೇಕೆಂದು ಹೇಳಿ, ಚಹಾ ಕುಡಿಸಿ ಕಳಿಸುತ್ತಾಳೆ. ಅಸಲಿಗೆ ಅವಳ ಕೆಲಸ ಪ್ರಶ್ನೆ ಕೇಳುವುದು. ಧಾರವಾಡದ ಒಂದು ಸಂಶೋಧನಾ ಕೇಂದ್ರದಲ್ಲಿ ಅವಳು ಹಳೆಯ ತಲೆ. ಸರ್ಕಾರ ಒಂದು ಕಾನೂನು ಮಾಡುತ್ತದೆ. ಜನ ಅದನ್ನು ಒಪ್ಪಿ ನಡೆಯುತ್ತಾರೋ, ನಮಸ್ಕಾರ ಹೇಳಿ ತಮ್ಮ ಹಳೆಯ ದಾರಿಯನ್ನೇ ಹಿಡಿಯುತ್ತಾರೋ, ಹಾಗೆ ಹಿಡಿದರೆ ಯಾಕೆ ಎಂದು ಮನೆಮನೆಗೆ ಹೋಗಿ ತಿಳಿದುಕೊಂಡು ಬರುವವಳು ಅವಳು.

ಕೇಳುವುದೇನು ಮಹಾ ಎಂದು ಮೂಗು ಮುರಿಯುವವರು ಒಂದು ದಿನ ಅವಳ ಬೆನ್ನಿಗೆ ಹೋಗಿ ನೋಡಬೇಕು. ಯಾರ ಮನೆಗೆ ಹೋದರೂ ಚೀಲದಿಂದ ಟ್ಯಾಬು ತೆಗೆಯುವ ಅವಸರ ಅವಳಿಗಿಲ್ಲ. ಮನೆಯ ಹೆಣ್ಣುಮಗಳು ಜೋಳ ಹಸನು ಮಾಡುತ್ತಿದ್ದರೆ ಇವಳೂ ಪಕ್ಕದಲ್ಲಿ ಕೂತು ಹರಳು ಆರಿಸುತ್ತಾಳೆ. ಆಮೇಲೆ ಪ್ರಶ್ನೆ. ಉತ್ತರ ಬಂದ ಮೇಲೂ ಮುಂದಿನ ಪ್ರಶ್ನೆಗೆ ಹಾರುವುದಿಲ್ಲ, ಸುಮ್ಮನೆ ಕಾಯುತ್ತಾಳೆ. ಮೊದಲು ಬರುವುದು ಮಂದಿಗೆ ಹೇಳುವ ಉತ್ತರ, ನೀವು ಬಾಯಿ ಮುಚ್ಚಿಕೊಂಡು ಕೂತರೆ ಅದರ ಹಿಂದೆ ಖರೇ ಉತ್ತರ ಬರುತ್ತದೆ ಎಂದು ಹೊಸಬರಿಗೆ ಕಲಿಸುತ್ತಾಳೆ. ಕಾಯುವುದು ಎಷ್ಟು ಕಷ್ಟದ ವಿದ್ಯೆ ಎಂಬುದು ನಮ್ಮಂಥ ಮಾತಿನಮಲ್ಲರಿಗೆ ಗೊತ್ತು.

ಈ ಸಲದ ಅಧ್ಯಯನ ಹೆಣ್ಣುಮಕ್ಕಳ ಆಸ್ತಿಯದು. ಅಪ್ಪನ ಹೊಲಮನೆಯಲ್ಲಿ ಮಗನಷ್ಟೇ ಮಗಳಿಗೂ ಪಾಲು ಎಂದು ಕಾನೂನು ಹೇಳಿ ವರ್ಷಗಳಾದವು. ಆದರೂ ಅಕ್ಕತಂಗಿಯರು ಸಾಲಾಗಿ ಬಂದು ನನಗೆ ಬೇಡ ಎಂದು ಸಹಿ ಹಾಕಿಕೊಟ್ಟು ಹೋಗುತ್ತಾರೆ. ಯಾಕೆ? ಅಧ್ಯಯನದ ಮುಖ್ಯಸ್ಥರಾದ ರಮಾಕಾಂತ ಸರ್‌ಗೆ ಇದರ ಉತ್ತರ ಬೇಕಾಗಿತ್ತು. ಭಾಗ್ಯಶ್ರೀ ನರೇಂದ್ರದಲ್ಲಿ ಕೇಳಿದಳು, ಹೆಬ್ಬಳ್ಳಿಯಲ್ಲಿ ಕೇಳಿದಳು. ಎಲ್ಲ ಕಡೆ ಒಂದೇ ಮಾತು: ಖುಷಿಯಿಂದ ಬಿಟ್ಟುಕೊಟ್ಟೆವು, ಯಾರೂ ಒತ್ತಾಯ ಮಾಡಲಿಲ್ಲ. ಹಾಗೆ ಹೇಳುವಾಗ ಅವರೆಲ್ಲ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು. ಭಾಗ್ಯಶ್ರೀ ಅದನ್ನು ಗಮನಿಸಿದಳು, ಟ್ಯಾಬಿನಲ್ಲಿ 'ಸ್ವಇಚ್ಛೆಯಿಂದ' ಎಂದು ಒತ್ತಿದಳು, ಮುಂದಿನ ಮನೆಗೆ ನಡೆದಳು.

ಅವಳಿಗೂ ಒಂದು ಸಹಿ ಕಾದಿತ್ತು. ಅವಳ ತವರು ಅಮ್ಮಿನಬಾವಿ. ಅವ್ವ ಮೊದಲೇ ಹೋಗಿದ್ದಳು, ಅಪ್ಪ ಸಿದ್ದಪ್ಪ ತೀರಿಕೊಂಡು ವರ್ಷವಾಗಿತ್ತು. ಈಗ ತವರೆಂದರೆ ಅಣ್ಣ ಅಮರೇಶನೊಬ್ಬನೇ. ನಾಗರ ಪಂಚಮಿ ಮುಗಿದ ಕೂಡಲೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಮಾಡಿ ಹೋಗು ಎಂದು ಅವನು ಫೋನಿನಲ್ಲಿ ಹೇಳಿದ್ದ, ಇವಳು ಹೂಂ ಅಂದಿದ್ದಳು. ಅಮರೇಶ ಕೆಟ್ಟವನಲ್ಲ. ಪ್ರತಿ ವರ್ಷ ಹಬ್ಬದ ಮುನ್ನಾದಿನ, ರೊಟ್ಟಿ ಪಂಚಮಿಯಂದು, ಗಾಡಿ ತಗೊಂಡು ಕೆಲಗೇರಿಗೆ ಬಂದು, ತಂಗಿಯನ್ನು ಹಿಂದೆ ಕೂಡಿಸಿಕೊಂಡು ಊರಿಗೆ ಕರೆದೊಯ್ಯುವವನು. ನಮ್ಮ ಕಡೆ ಅಣ್ಣ ಪಂಚಮಿಗೆ ಕರೆಯಲು ಬರುವುದೆಂದರೆ ಬರೀ ಬರುವುದಲ್ಲ. ಇವಳಿಗೆ ಹಿಂದೆ ಮುಂದೆ ಜನ ಇದ್ದಾರೆ ಎಂದು ಇಡೀ ಓಣಿಗೆ ಸಾರಿದ ಹಾಗೆ.

ರಮಾಕಾಂತ ಸರ್ ಅವರದೊಂದು ಕಟ್ಟುನಿಟ್ಟಿನ ಪದ್ಧತಿ. ಹೊಸಬರು ಕ್ಷೇತ್ರಕ್ಕೆ ಇಳಿಯುವ ಮುಂಚೆ ಹಳಬರಿಗೇ ಪ್ರಶ್ನೆ ಕೇಳಬೇಕು, ಹಳಬರು ತಮ್ಮ ಬದುಕಿನದೇ ಉತ್ತರ ಕೊಡಬೇಕು. ಹುಬ್ಬಳ್ಳಿಯಿಂದ ಹೊಸದಾಗಿ ಬಂದಿದ್ದ ಆರತಿಯ ಪಾಲಿಗೆ ಭಾಗ್ಯಶ್ರೀ ಬಂದಳು. ಅಪ್ಪನ ಹೆಸರಿನಲ್ಲಿ ಹೊಲ ಇತ್ತೇ, ನಿಮ್ಮ ಪಾಲು ಬಿಟ್ಟುಕೊಟ್ಟಿದ್ದೀರಾ ಎಂದೆಲ್ಲ ಆರತಿ ಕೇಳುತ್ತ ಬಂದಳು. ಮುಂದಿನ ತಿಂಗಳು ಸಹಿ ಮಾಡುತ್ತೇನೆ ಎಂದಳು ಭಾಗ್ಯಶ್ರೀ.

"ಯಾರರ ಒತ್ತಾಯ ಮಾಡ್ಯಾರೇನ್ರಿ ಅಕ್ಕಾರ?"

"ಇಲ್ಲವಾ. ಖುಷಿಲೆ ಬಿಡಾಕತ್ತೇನಿ."

ಹೇಳಿದ್ದೇ ತಡ, ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಬಾಗಿಲು ಮುಚ್ಚಿತ್ತು. ಅಲ್ಲಿ ಅಣ್ಣನೂ ಇರಲಿಲ್ಲ, ಅತ್ತಿಗೆಯೂ ಇರಲಿಲ್ಲ. ಆದರೂ ನೋಡಿದ್ದಳು. ಆರತಿಯೋ, ಇವಳು ಕಲಿಸಿದ ಪಾಠ ಮರೆಯದ ಹುಡುಗಿ. ಮುಂದಿನ ಪ್ರಶ್ನೆ ಕೇಳದೆ ಕಾದಳು. ಫ್ಯಾನು ತಿರುಗುತ್ತಿತ್ತು. ತಾನು ಹೆಣೆದ ಬಲೆಯಲ್ಲಿ ತಾನೇ ಸಿಕ್ಕ ಭಾಗ್ಯಶ್ರೀ ಸೆರಗಿನ ಅಂಚು ಸರಿಮಾಡಿಕೊಂಡಳು, ನೀರು ಕುಡಿದಳು. ಆರತಿ ಇನ್ನೂ ಕಾಯುತ್ತಲೇ ಇದ್ದಳು.

"ಖುಷಿಲೆ ಅಲ್ಲ," ಎಂದಳು ಕಡೆಗೆ. "ಹೆದರಿಕಿಲೆ. ಸಹಿ ಮಾಡ್ಲಿಲ್ಲಂದ್ರ ಅಣ್ಣ ಪಂಚಮಿಗೆ ಕರಿಯಾಕ ಬರೂದಿಲ್ಲ ಅಂತ ಹೆದರಿಕಿ."

ಆಗ ಅವಳಿಗೆ ಇನ್ನೊಂದೂ ಹೊಳೆಯಿತು. ಊರಿಗೆಲ್ಲ ಕಾಯುವುದನ್ನು ಕಲಿಸಿದವಳು ಈ ಒಂದು ಪ್ರಶ್ನೆಗೆ ಮಾತ್ರ ಯಾವ ಮನೆಯಲ್ಲೂ ಕಾದಿರಲಿಲ್ಲ. ಎರಡನೆಯ ಉತ್ತರ ತನ್ನದೂ ಆಗಿಬಿಟ್ಟೀತೆಂದು ಅವಸರದಿಂದ ಎದ್ದು ಬಂದಿದ್ದಳು. ಬೇರೆ ಯಾರಾದರೂ ಆಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದರು, ಹೇಳುವವರು ಕೇಳುವವರು ಯಾರಿದ್ದರು? ಅವಳು ನೆಟ್ಟಗೆ ರಮಾಕಾಂತ ಸರ್ ಕೋಣೆಗೆ ಹೋಗಿ, ಆ ಮನೆಗಳಿಗೆಲ್ಲ ಮತ್ತೆ ಹೋಗುತ್ತೇನೆ ಎಂದಳು. ಅವರು ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಹೋಗಿ ಬಾ ಎಂದರು. ಈ ಹೆಣ್ಣುಮಗಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಈ ಜಾಗದಲ್ಲಿ.

ಎರಡನೆಯ ಸಲ ಅವಳು ಕಾದಳು. ಹೆಬ್ಬಳ್ಳಿಯ ಒಬ್ಬ ಮುದುಕಿ ಹಸನು ಮಾಡುತ್ತಿದ್ದ ಜೋಳದ ಮೊರವನ್ನು ಕೆಳಗಿಟ್ಟು, ಹೊಲ ಇಸ್ಕೊಂಡರೆ ಪಂಚಮಿಗೆ ಕರೆಯಲು ಯಾರು ಬರಬೇಕು ಎಂದು ಇವಳನ್ನೇ ಕೇಳಿದಳು. ನರೇಂದ್ರದಲ್ಲೂ ಮಾತು ಸುತ್ತಿ ಬಳಸಿ ಅಲ್ಲಿಗೇ ಬಂತು. ಸಹಿ ಮಾಡದಿದ್ದರೆ ಪಂಚಮಿಗೆ ಕರೆಯಲು ಯಾರು ಬರುತ್ತಾರೆ ಎಂಬ ಪ್ರಶ್ನೆಯನ್ನು ರಮಾಕಾಂತ ಸರ್ ಪ್ರಶ್ನಾವಳಿಗೆ ಹೊಸದಾಗಿ ಸೇರಿಸಿದರು. ಉತ್ತರಕ್ಕೆ ಮೂರು ಆಯ್ಕೆ: ಅಣ್ಣತಮ್ಮಂದಿರು, ಬೇರೆ ಸಂಬಂಧಿಕರು, ಯಾರೂ ಬರುವುದಿಲ್ಲ.

ಪಂಚಮಿ ಹತ್ತಿರ ಬಂದಾಗ ಭಾಗ್ಯಶ್ರೀ ಅಮ್ಮಿನಬಾವಿಗೆ ಹೋದಳು. ಅಮರೇಶ ಹೊಲದ ಬದುವಿನಲ್ಲಿದ್ದ. ಅವಳು ಜಗಳ ಆಡಲಿಲ್ಲ, ಕಣ್ಣೀರು ಹಾಕಲಿಲ್ಲ, ಪಕ್ಕದಲ್ಲಿ ಕೂತಳು.

"ಅಣ್ಣಾ, ನಾ ಸಹಿ ಮಾಡೂದಿಲ್ಲ. ಹೊಲ ನೀನ ಮಾಡು, ಬೆಳಿ ನೀನ ಒಯ್ಯಿ. ಹೊಲದ ಪಹಣಿ ಉತಾರದಾಗ ಅಪ್ಪನ ಮಗಳು ಅಂತ ನನ್ನ ಹೆಸರೂ ಇರ್ಲಿ. ಈಗ ಹೇಳು, ಪಂಚಮಿಗೆ ಕರಿಯಾಕ ಬರ್ತಿಯೋ ಇಲ್ಲೋ?"

ಆಮೇಲೆ ಕಾದಳು. ಅಮರೇಶ ಮಣ್ಣಿನ ಹೆಂಟೆ ಒಡೆದ, ಆಕಾಶ ನೋಡಿದ, ಎದ್ದು ಪಂಪಿನ ಕಡೆ ಹೋಗಿಬಿಟ್ಟ. ಅವಳು ತಿರುಗಿ ಬಸ್ಸು ಹತ್ತಿದಳು. ಉತ್ತರ ಬರದಿದ್ದರೆ ಬರಲಿಲ್ಲ ಎಂದೇ ಬರೆಯಬೇಕು, ನಾವಾಗಿ ತುಂಬಬಾರದು. ಅದು ಅವಳ ಕಸುಬಿನ ನಿಯಮ, ಆದರೆ ಅವತ್ತು ಅದನ್ನು ಪಾಲಿಸಲು ಅವಳಿಗೆ ಜೀವ ಹೋದಷ್ಟು ಕಷ್ಟವಾಯಿತು.

ರೊಟ್ಟಿ ಪಂಚಮಿ ಬಂತು. ಓಣಿಯಲ್ಲಿ ಒಂದೊಂದೇ ಗಾಡಿ ಬಂದು ಒಬ್ಬೊಬ್ಬರನ್ನೇ ಕರೆದೊಯ್ದಿತು. ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿಟ್ಟುಕೊಂಡು ಭಾಗ್ಯಶ್ರೀ ಕಿವಿ ನಿಮಿರಿಸಿ ಕೂತಳು. ಅಮರೇಶ ಬರಲಿಲ್ಲ. ಅಣ್ಣ ಇನ್ನೂ ಬಂದಿಲ್ಲವೇ ಎಂದು ಎದುರುಮನೆಯವಳು ಕೇಳಿದಾಗ ಅವಳ ಕೈಗೊಂದು ಉಂಡಿ ಇಟ್ಟು ಒಳಗೆ ಬಂದಳು. ಗಂಡ ಶಶಿಕುಮಾರ ನಾನೇ ಫೋನು ಮಾಡಲೇ ಎಂದ, ಬೇಡ ಎಂದಳು. ಮರುದಿನ ಬೆಳಿಗ್ಗೆ ಇಲಕಲ್ಲ ಸೀರೆ ಉಟ್ಟು, ಉಂಡಿಯ ಡಬ್ಬಿ ಹಿಡಿದು, ಯಾರೂ ಕರೆಯದೆ ತಾನೇ ಅಮ್ಮಿನಬಾವಿಗೆ ಹೊರಟಳು.

ಅಮರೇಶ ಬಾಗಿಲಲ್ಲೇ ನಿಂತಿದ್ದ. ತಂಗಿಯನ್ನು ನೋಡಿ ಗಡಬಡಿಸಿದ.

"ನಾ ಬರಾಕ ಹೊಂಟಿದ್ದೆ," ಎಂದ.

ಭಾಗ್ಯಶ್ರೀ ಕಾದಳು. ಡಬ್ಬಿ ಹಿಡಿದುಕೊಂಡು ನಿಂತಳು, ಅಷ್ಟೆ. ಅಮರೇಶ ತಲೆ ತಗ್ಗಿಸಿದ. ಹೊಸ್ತಿಲ ಮೇಲಿನ ರಂಗೋಲಿಯನ್ನು ಹೊತ್ತುಗಟ್ಟಲೆ ನೋಡಿದ.

"ಇಲ್ಲ ತಂಗೆವ್ವ. ಹೊಂಟಿದ್ದಿಲ್ಲ. ತಂಗಿ ಸಹಿ ಮಾಡ್ಲಿಲ್ಲ, ಆದ್ರೂ ಕರಕೊಂಡ ಬಂದ ಅಂತ ಮಂದಿ ನಗ್ತಾರಂತ ಹೆದರಿದ್ನಿ."

ಅಣ್ಣನಿಗೂ ಮಂದಿಯದೇ ಹೆದರಿಕೆ! ಅವಳಿಗೆ ಅಳು ಬಂತು, ಜೊತೆಗೇ ನಗುವೂ ಬಂತು. ಅಮರೇಶ ಅವಳ ಕೈಯಿಂದ ಡಬ್ಬಿ ಇಸ್ಕೊಂಡು, ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಸಹಿಯ ಮಾತನ್ನು ಅವತ್ತೂ ಎತ್ತಲಿಲ್ಲ, ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಿದ್ದ ದಿನ ಕಳೆದು ಹೋದ ಮೇಲೂ ಎತ್ತಲಿಲ್ಲ. ಮುಂದಿನ ವರ್ಷ ಗಾಡಿ ತರುತ್ತಾನೋ ಇಲ್ಲವೋ ಅವಳಿಗೆ ಗೊತ್ತಿಲ್ಲ, ಕೇಳಿಯೂ ಇಲ್ಲ.

ಹಬ್ಬ ಮುಗಿಸಿ ಕಚೇರಿಗೆ ಬಂದವಳು ಮೊದಲು ಮಾಡಿದ ಕೆಲಸ, ಆರತಿಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತದ್ದು. ಆ ಹೊಸ ಪ್ರಶ್ನೆಗೆ ಮೂರು ಉತ್ತರ ಸಾಲುವುದಿಲ್ಲ, ಇನ್ನೊಂದು ಸೇರಿಸು ಎಂದಳು. ಏನಂತ ಸೇರಿಸಲಿ ಎಂದು ಆರತಿ ಕೇಳಿದಳು.

"ನಾನ ಹೋಗ್ತೇನಿ ಅಂತ."